ಹರವಿಯ ಹತ್ತಿರ ನಿಂತ ಮಾತು

ಆಫೀಸಿನ ಬಾಗಿಲಿನಿಂದ ಕೆಲಸಗಾರರು ಕೂಡುವ ಬೇವಿನ ಗಿಡದವರೆಗೆ ನಲವತ್ತು ಹೆಜ್ಜೆ. ನಡುವೆ, ಇಪ್ಪತ್ತನೆಯ ಹೆಜ್ಜೆಗೆ, ತಗಡಿನ ನೆರಳಿನಲ್ಲಿ ಒಂದು ನೀರಿನ ಹರವಿ. ಶಹಾಬಾದಿನ ಹೊರಗೆ, ಹಳೆಯ ಕಲ್ಲುಗಣಿಗಳ ಪಕ್ಕದಲ್ಲಿರುವ ಕಲ್ಯಾಣಪ್ಪ ಸಾಹುಕಾರನ ಫರಸಿ ಕಲ್ಲಿನ ಕಾರ್ಖಾನೆಯಲ್ಲಿ ಜಗದೇವಪ್ಪ ಇಪ್ಪತ್ತಾರು ವರ್ಷ ಕೆಲಸಗಾರರ ಮೇಲಿನ ಮುಕದ್ದಮನಾಗಿದ್ದ. ಆ ಇಪ್ಪತ್ತಾರು ವರ್ಷ ಅವನು ಏನು ಮಾಡಿದ ಎಂದು ಕೇಳಿದರೆ, ಆ ನಲವತ್ತು ಹೆಜ್ಜೆ ನಡೆದ ಎನ್ನಬೇಕು.

ಹಾಜರಿ ಹಿಡಿಯುವುದು, ಕೊಯ್ದ ಕಲ್ಲು ಎಣಿಸುವುದು, ಲಾರಿ ತುಂಬುವಾಗ ಹತ್ತಿರ ನಿಲ್ಲುವುದು, ಇವನ್ನೆಲ್ಲ ಯಾರು ಬೇಕಾದರೂ ಮಾಡಬಹುದಿತ್ತು. ಮಾತು ಒಯ್ಯುವುದು ಮಾತ್ರ ಅವನೊಬ್ಬನ ಕೆಲಸ.

ಅದರ ಹಿಂದೆ ಒಂದು ಕತೆ ಇತ್ತು. ಕಲ್ಯಾಣಪ್ಪನ ತಂದೆಯ ಕಾಲದಲ್ಲಿ, ಒಂದು ಬೇಸಿಗೆಯ ಮಧ್ಯಾಹ್ನ, ಹಿರಿಯ ಸಾಹುಕಾರ ಸಿಟ್ಟಿನಿಂದ ಅಂಗಳಕ್ಕೆ ಬಂದು ಒಬ್ಬ ಕೆಲಸಗಾರನ ತಾಯಿಯ ಹೆಸರು ಹಿಡಿದು ಬೈದಿದ್ದ. ಆತ ಕೈಯಲ್ಲಿದ್ದ ಸುತ್ತಿಗೆ ಎತ್ತಿದ್ದ. ಸುತ್ತಿಗೆ ಯಾರಿಗೂ ತಗಲಲಿಲ್ಲ. ಆದರೆ ಕೆಲಸ ಒಂದೂವರೆ ತಿಂಗಳು ನಿಂತಿತು. ಎಷ್ಟೋ ಮನೆಗಳಲ್ಲಿ ಒಂದೇ ಹೊತ್ತು ಒಲೆ ಹತ್ತಿತು. ಮತ್ತೆ ಬಾಗಿಲು ತೆರೆದ ದಿನ ಹಿರಿಯ ಸಾಹುಕಾರ ಒಂದು ಪದ್ಧತಿ ಹಾಕಿದ. ಇನ್ನು ಮೇಲೆ ಮಾಲಕನ ದನಿ ಅಂಗಳಕ್ಕೆ ಬರಬಾರದು, ಕೆಲಸಗಾರರ ದನಿ ಆಫೀಸಿಗೆ ಹೋಗಬಾರದು. ನಡುವೆ ಒಬ್ಬ ಶಾಣ್ಯಾ ಮನುಷ್ಯ ಇರಬೇಕು. ಆಡಕಿ ಎಂಬ ಊರಿನಿಂದ ಬಂದು ಇಲ್ಲಿ ಕಲ್ಲು ಹೊರುತ್ತಿದ್ದ ಜಗದೇವಪ್ಪನಿಗೆ ಆಗ ಮೂವತ್ತು ವರ್ಷ. ಅವನು ಕುಡಿಯುತ್ತಿರಲಿಲ್ಲ, ದನಿ ಏರಿಸುತ್ತಿರಲಿಲ್ಲ. ಎರಡೂ ಕಡೆಯವರು ಅವನನ್ನು ಒಪ್ಪಿದರು. ತಂದೆ ತೀರಿಕೊಂಡ ಮೇಲೆ ಕಲ್ಯಾಣಪ್ಪನೂ ಅದೇ ಪದ್ಧತಿ ನಡೆಸಿಕೊಂಡು ಬಂದ.

ಮಾತನ್ನು ಇದ್ದ ಹಾಗೇ ಒಯ್ದರೆ ಜಗಳ ಆಗುತ್ತದೆ ಎಂಬುದು ಜಗದೇವಪ್ಪನಿಗೆ ಮೊದಲ ತಿಂಗಳೇ ತಿಳಿಯಿತು. ಅದಕ್ಕೇ ಅವನು ಹರವಿಯ ಹತ್ತಿರ ನಿಲ್ಲತೊಡಗಿದ. ಒಂದು ಗ್ಲಾಸು ನೀರು ಕುಡಿಯುವಷ್ಟರಲ್ಲಿ ಮಾತಿನ ಮುಳ್ಳು ಮುರಿದು ಮುಂದೆ ಹೋಗುತ್ತಿದ್ದ.

ಕಟಿಂಗ್ ಮಶೀನು ನಡೆಸುವ ಸಿದ್ಧಲಿಂಗ ರಜೆ ಕೇಳಿ ಕಳಿಸಿದರೆ ಕಲ್ಯಾಣಪ್ಪ ಹೇಳುತ್ತಿದ್ದ: "ತಿಂಗಳಿಗೊಂದು ಮದಿವಿ ಅಂತಾನ ಅಂವ. ಅವರಪ್ಪ ಬಂದು ಮಶೀನ್ ನಡಸ್ತಾನೇನು, ಕೇಳು!"

ಬೇವಿನ ಗಿಡ ಮುಟ್ಟುವ ಹೊತ್ತಿಗೆ ಅದೇ ಮಾತು ಹೀಗಾಗಿರುತ್ತಿತ್ತು: "ಸಿದ್ಧಲಿಂಗ, ನಿನ್ನಂಗ ಮಶೀನ್ ನಡಸೋರು ಇನ್ನೊಬ್ಬರಿಲ್ಲ ಅಂದ್ರಪ್ಪ. ಒಂದೇ ದಿನ ಹೋಗಿ ಬಾ."

ಸಿದ್ಧಲಿಂಗ ನಗುತ್ತಿದ್ದ. ಕಲ್ಲು ತೊಳೆಯುವ ಹಮೀದಾಬೇಗಂ ಮಾತ್ರ ದೂರದಿಂದಲೇ ಹರವಿಯ ಕಡೆ ಕಣ್ಣಿಟ್ಟಿರುತ್ತಿದ್ದಳು. "ಏ, ನೋಡ್ರೇ! ಕಾಕಾ ಎರಡನೇ ಗ್ಲಾಸಿಗಿ ಕೈ ಹಾಕ್ಯಾರ. ಇವತ್ತ ಸಾವ್ಕಾರ್ರು ಭಾಳ ಮುತ್ತು ಉದುರಿಸ್ಯಾರ!" ಎನ್ನುತ್ತಿದ್ದಳು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಜಗದೇವಪ್ಪನೂ ನಗುತ್ತಿದ್ದ.

ಮನೆಯಲ್ಲಿ ಹೆಂಡತಿ ಅನಸುಬಾಯಿ ಅವನಿಗೆ ಓಂಕಾಳು ಅರೆದು ಕೊಡುತ್ತ, "ಮಂದಿ ಬೈಗುಳ ಎಲ್ಲಾ ನೀವೇ ನುಂಗ್ತೀರಿ. ಹೊಟ್ಟಿ ಉರೀಲಾರದ ಮತ್ತೇನ್ ಮಾಡ್ತದ?" ಎನ್ನುತ್ತಿದ್ದಳು. ಆ ಸಾಲಿನ ಬೇರೆ ಕಾರ್ಖಾನೆಗಳಲ್ಲಿ ಹೊಡೆದಾಟವಾಗಿತ್ತು, ಬೀಗ ಬಿದ್ದಿತ್ತು. ಇಲ್ಲಿ ಇಪ್ಪತ್ತಾರು ವರ್ಷ ಒಂದು ದಿನವೂ ಕೆಲಸ ನಿಂತಿರಲಿಲ್ಲ. ಅದು ತನ್ನಿಂದ ಎಂದು ಅವನು ಯಾರ ಮುಂದೆಯೂ ಹೇಳಿಕೊಂಡವನಲ್ಲ. ಮನಸ್ಸಿನಲ್ಲಿ ಮಾತ್ರ ಆ ಹೆಮ್ಮೆ ಇತ್ತು.

ಇನ್ನೊಂದು ಸಂಗತಿಯೂ ಅವನಿಗೆ ಧೈರ್ಯ ಕೊಟ್ಟಿತ್ತು. ಕಲ್ಯಾಣಪ್ಪ ಮೊದಲು ಬೈಯುತ್ತಿದ್ದ, ನಾಲ್ಕು ದಿನ ಬಿಟ್ಟು ಹೂಂ ಅನ್ನುತ್ತಿದ್ದ. ಹಾಗಾಗಿ ಜಗದೇವಪ್ಪ ಗಿಡದ ಕೆಳಗೆ ಹೇಳಿದ ಸುಳ್ಳುಗಳು ನಾಲ್ಕು ದಿನಕ್ಕೆ ತಾವಾಗಿಯೇ ನಿಜವಾಗುತ್ತಿದ್ದವು.

ಲುಂಬಿನಿ ಚಿತ್ತಾಪುರದ ಹುಡುಗಿ. ಜಗದೇವಪ್ಪನ ಓಣಿಗೇ ಸೊಸೆಯಾಗಿ ಬಂದವಳು. ಅವಳ ಗಂಡ ರಾಜರತ್ನ ವಾಡಿಯಲ್ಲಿ ಚೀಲ ಹೊರುವ ಕೆಲಸಕ್ಕೆ ಹೋಗುತ್ತಿದ್ದ. ಮಗಳಿಗೆ ಎರಡು ವರ್ಷ ತುಂಬಿದಾಗ ಲುಂಬಿನಿ ತಾನೂ ಕೆಲಸಕ್ಕೆ ಹೋಗುತ್ತೇನೆಂದಳು. ಅತ್ತೆ ಅನುಮಾನಿಸಿದಳು. ಆಗ ಜಗದೇವಪ್ಪನೇ ಅವರ ಮನೆಗೆ ಹೋಗಿ, "ನಮ್ಮ ಕಾರ್ಖಾನಿಗಿ ಕಳಸ್ರಿ ವೈನಿ. ನನ್ನ ಕಣ್ಣ ಮುಂದ ಇರ್ತಾಳ," ಎಂದು ಹೇಳಿ ಕರೆತಂದಿದ್ದ.

ಕಟಿಂಗ್ ಮಶೀನಿನಿಂದ ಬಂದ ಕಲ್ಲನ್ನು ಎತ್ತಿಕೊಂಡು ಅದರ ಬಿಳಿ ರಾಡಿ ತೊಳೆದು ಒಟ್ಟುವುದು ಅವಳ ಕೆಲಸ. ಎಲ್ಲ ಹೆಂಗಸರ ಹಾಗೆ ಅವಳೂ ಸೀರೆಯ ಮೇಲೆ ಗಂಡನ ಹಳೆಯ ಅಂಗಿ ಹಾಕಿಕೊಳ್ಳುತ್ತಿದ್ದಳು. ಹತ್ತನೆಯ ಇಯತ್ತೆ ಓದಿದವಳು, ಮಾತು ನೇರ.

ಮಶೀನಿನ ಮೋಟರಿನಿಂದ ಗಾಲಿಗೆ ಒಂದು ರಬ್ಬರಿನ ಪಟ್ಟಾ ಓಡುತ್ತಿತ್ತು. ಅದರ ಮೇಲೆ ಕಬ್ಬಿಣದ ಜಾಳಿಗೆಯ ಮುಚ್ಚಳ ಇತ್ತು. ಸಂಕ್ರಾಂತಿ ಮುಗಿದ ವಾರ ಒಂದು ದಪ್ಪ ಕಲ್ಲು ಜಾರಿ ಬಿದ್ದು ಜಾಳಿಗೆ ಮುರಿಯಿತು. ಸಿದ್ಧಲಿಂಗ ಅದನ್ನು ಬಿಚ್ಚಿ ಗೋಡೆಗೆ ಆನಿಸಿ ಇಟ್ಟ. ಮಶೀನು ನಿಲ್ಲಲಿಲ್ಲ.

ಎರಡು ದಿನ ನೋಡಿ ಲುಂಬಿನಿ ಊಟದ ಹೊತ್ತಿಗೆ ಜಗದೇವಪ್ಪನ ಮುಂದೆ ಬಂದು ನಿಂತಳು. "ಕಾಕಾ, ಸಾವ್ಕಾರ್ರಿಗಿ ನಾ ಹೇಳಿದಂಗೇ ಹೇಳ್ರಿ. ಪಟ್ಟಾ ನನ್ನ ಮೈಯಿಂದ ಗೇಣು ದೂರದಾಗ ಓಡ್ಲಿಕತ್ತದ. ಅಂಗಿ ತೋಳಿಗಿ ಸುತಳಿ ಕಟ್ಕೊಂಡು ಕೆಲಸ ಮಾಡ್ಲಿಕತ್ತೀನಿ. ಜಾಳಿಗಿ ಕೂಡಸೋ ತನಕ ನಾವ್ಯಾರೂ ಆ ಮಶೀನ್ ಹತ್ರ ಹೋಗಂಗಿಲ್ಲ."

"ನಾವ್ಯಾರೂ ಅಂದ್ರ ಯಾರ್ಯಾರವ್ವ?"

"ನಾ, ಹಮೀದಾ ಅಕ್ಕ, ಎಲ್ಲಾ ಹೆಣ್ಮಕ್ಕಳು. ಬೇಕಾದ್ರ ಕೇಳ್ರಿ."

ಹಮೀದಾಬೇಗಂ ರೊಟ್ಟಿ ಮುರಿಯುತ್ತ, "ಹೌದ್ ಕಾಕಾ. ಕೈ ಹೋದ್ರ ರೊಟ್ಟಿ ಬಡಿಯೋರು ಯಾರು? ನಮ್ಮಂವ ಬಡೀತಾನ ಖರೆ, ಆದ್ರ ರೊಟ್ಟಿ ಅಲ್ಲ," ಎಂದಳು. ಎಲ್ಲರೂ ನಕ್ಕರು. ಲುಂಬಿನಿ ನಗಲಿಲ್ಲ. ತೋಳಿನ ಸುತಳಿ ತೋರಿಸುತ್ತ ಹಾಗೇ ನಿಂತಿದ್ದಳು.

ಜಗದೇವಪ್ಪ ಹೊರಟ. ಹರವಿಯ ಹತ್ತಿರ ನಿಂತ. ಸೊಲ್ಲಾಪುರಕ್ಕೆ ಹೋದ ಒಂದು ಲಾರಿ ಕಲ್ಲು ಆ ವಾರವೇ ಬೇಡವೆಂದು ತಿರುಗಿ ಬಂದಿತ್ತು, ಸಾಹುಕಾರನ ಮುಖ ಕಾದ ಹಂಚಾಗಿತ್ತು. ಇಂಥ ಹೊತ್ತಿನಲ್ಲಿ 'ಹೋಗಂಗಿಲ್ಲ' ಎಂಬ ಮಾತನ್ನು ಹೇಗೆ ಒಯ್ಯುವುದು? ಹಿಂದೆ ಒಂದೇ ಒಂದು ಒರಟು ಮಾತಿಗೆ ಸುತ್ತಿಗೆ ಎದ್ದಿತ್ತು, ಒಂದೂವರೆ ತಿಂಗಳು ಕೆಲಸ ನಿಂತಿತ್ತು. ಅವನು ಗ್ಲಾಸು ಖಾಲಿ ಮಾಡಿ ಬಾಯಿ ಒರೆಸಿಕೊಂಡ.

ಆಫೀಸಿನಲ್ಲಿ ಅವನು ಹೇಳಿದ್ದು ಇಷ್ಟು: "ಸಾವ್ಕಾರ್ರ, ಪಟ್ಟಾದ ಮ್ಯಾಗಿನ ಜಾಳಿಗಿ ಥೋಡೆ ಮುರದದ್ರಿ. ಟೈಮ್ ಸಿಕ್ಕಾಗ ವೆಲ್ಡಿಂಗ್ ಮಾಡಸಿದ್ರ ಚಲೋ ಆಗ್ತದ."

ಕಲ್ಯಾಣಪ್ಪ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಮಶೀನ್ ನಿಲ್ಲಸೋ ಟೈಮೇನಿದು? ಅಂಜೋರು ಮನಿಗಿ ಹೋಗ್ಲಿ. ವಾಡಿ ಟೇಶನ್ ಮುಂದ ಹೋಗಿ ನಿಂತ್ರ ನೂರು ಮಂದಿ ಸಿಗ್ತಾರ."

ಆ ದಿನ ಅವನು ಎರಡು ಗ್ಲಾಸು ಕುಡಿದ. ಗಿಡದ ಕೆಳಗೆ ಬಂದು, "ಈ ವಾರದಾಗ ಮಾಡಸ್ತೀನಿ ಅಂದ್ರು ಸಾವ್ಕಾರ್ರು. ಅಲ್ಲಿ ತನಕ ನೋಡ್ಕೊಂಡು ಮಾಡ್ರಿ ಅಂದ್ರು," ಎಂದ.

ಲುಂಬಿನಿ ಅವನ ಮುಖವನ್ನೇ ನೋಡಿದಳು. "ಖರೇನೇ ಅಂದ್ರಾ ಕಾಕಾ?"

"ನಿನಗ ನಾ ಯಾವಾಗ ಸುಳ್ಳು ಹೇಳೀನವ್ವ?"

ಅವಳು ತೋಳಿನ ಸುತಳಿ ಬಿಗಿ ಮಾಡಿಕೊಂಡಳು. ಮಶೀನಿನ ಹತ್ತಿರ ಹೋದಳು. ಅವಳ ಹಿಂದೆ ಉಳಿದವರೂ ಹೋದರು.

ನಾಲ್ಕು ದಿನ ಕಳೆದವು. ಜಗದೇವಪ್ಪ ಇನ್ನೊಮ್ಮೆ ನೆನಪು ಮಾಡಿದ. ಕಲ್ಯಾಣಪ್ಪ "ನೋಡೋಣ" ಎಂದ. ಗಿಡದ ಕೆಳಗೆ ಅದು "ವೆಲ್ಡಿಂಗಿನವ ಊರಿಗಿ ಹೋಗ್ಯಾನಂತ, ಬಂದ ಕೂಡಲೇ ಮಾಡಸ್ತಾರ" ಎಂದಾಯಿತು. ಮುಂದಿನ ವಾರ ಲುಂಬಿನಿ ಬಾಯಿಬಿಟ್ಟು ಕೇಳಲಿಲ್ಲ. ಅವನು ಎದುರಿಗೆ ಬಂದಾಗ ಗೋಡೆಗೆ ಆನಿಸಿದ್ದ ಜಾಳಿಗೆಯ ಕಡೆ ಒಮ್ಮೆ ನೋಡಿದಳು, ಅಷ್ಟೆ.

ಜಾಳಿಗೆ ಮುರಿದ ಹದಿನೇಳನೆಯ ದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಜಗದೇವಪ್ಪ ಲಾರಿಯ ಹತ್ತಿರ ನಿಂತು ಕಲ್ಲು ಎಣಿಸುತ್ತಿದ್ದ. ಮೊದಲು ಅವನಿಗೆ ಕೇಳಿಸಿದ್ದು ಕೂಗಲ್ಲ. ಮಶೀನಿನ ಸದ್ದು ಬದಲಾಯಿತು. ದಿನವೂ ಒಂದೇ ಸಮನೆ ಇರುವ ಸದ್ದು ಒಮ್ಮೆ ತಡೆದು, ಜಗ್ಗಿ, ಮತ್ತೆ ಓಡಿತು. ಆಮೇಲೆ ಹಮೀದಾಬೇಗಂ ಚೀರಿದಳು. ಸಿದ್ಧಲಿಂಗ ಗುಂಡಿ ಒತ್ತಿ ಮಶೀನು ನಿಲ್ಲಿಸುವ ಹೊತ್ತಿಗೆ ಆಗುವುದು ಆಗಿಹೋಗಿತ್ತು. ಲುಂಬಿನಿಯ ತೋಳಿನ ಸುತಳಿ ನೀರಿನಲ್ಲಿ ನೆನೆದು ಸಡಿಲಾಗಿತ್ತು. ಅಂಗಿಯ ತೋಳು ಪಟ್ಟಾಕ್ಕೆ ಸಿಕ್ಕಿತ್ತು.

ಜಗದೇವಪ್ಪ ಆ ಕೈಗೆ ತನ್ನ ಟವೆಲ್ ಸುತ್ತಿ ಅವಳನ್ನು ಕಾರ್ಖಾನೆಯ ಜೀಪಿನಲ್ಲಿ ಮಲಗಿಸಿದ. ಕಲಬುರಗಿಯ ಆಸ್ಪತ್ರೆಯವರೆಗೆ ಅವಳ ತಲೆ ತೊಡೆಯ ಮೇಲೆ ಇಟ್ಟುಕೊಂಡು ಕುಳಿತ. ದಾರಿಯುದ್ದಕ್ಕೂ ಅವಳು ಅಳಲಿಲ್ಲ. ಒಂದೇ ಮಾತು ಕೇಳಿದಳು, ಎರಡು ಸಲ ಕೇಳಿದಳು: "ವೆಲ್ಡಿಂಗಿನವ ಬಂದಿದ್ನಾ ಕಾಕಾ?"

ಬಲಗೈ ಮುಂಗೈಯವರೆಗೆ ಹೋಯಿತು.

ಮೂರು ವಾರದ ಮೇಲೆ ಕಾರ್ಮಿಕ ಇಲಾಖೆಯ ಅಧಿಕಾರಿ ಅಶೋಕಕುಮಾರ ವಿಚಾರಣೆಗೆ ಬರುವುದಿತ್ತು. ಆ ದಿನ ಬೆಳಿಗ್ಗೆ ಕಲ್ಯಾಣಪ್ಪ ಜಗದೇವಪ್ಪನನ್ನು ಆಫೀಸಿಗೆ ಕರೆಸಿದ. ಅವನೂ ನಿದ್ದೆಗೆಟ್ಟಿದ್ದ. "ಜಗದೇವ, ಹುಷಾರಾಗಿ ಮಾಡ್ರಿ ಅಂತ ನೀ ಅವರಿಗಿ ಹೇಳಿದ್ದಿ, ಹೌದಿಲ್ಲ? ಅಷ್ಟು ಹೇಳು ಸಾಕು. ನಮ್ಮ ಅಪ್ಪನ ಕಾಲದಿಂದ ಇದ್ದಿ ನೀ."

ಅಂಗಳಕ್ಕೆ ಬಂದರೆ ಸಿದ್ಧಲಿಂಗ ಕೈ ಹಿಡಿದುಕೊಂಡ. "ಕಾಕಾ, ಸಾವ್ಕಾರಗ ಮೂರು ಸಲ ಹೇಳೀನಿ, ಮಂದಿ ಸಾಯ್ತಾರಂತ ಕೈ ಮುಗದು ಹೇಳೀನಿ ಅಂತ ಹೇಳ್ರಿ. ನಮ್ಮ ಹುಡುಗಿ ಬಾಳೇವು ಅದ ಇದು."

ಇಬ್ಬರೂ ಕೇಳುತ್ತಿದ್ದುದು ಅವನು ಇಪ್ಪತ್ತಾರು ವರ್ಷ ಮಾಡಿದ್ದನ್ನೇ. ಮಾತನ್ನು ಅನುಕೂಲಕ್ಕೆ ತಕ್ಕಂತೆ ತಿದ್ದಿ ಮುಂದೆ ಕೊಡು. ಅವನು ಹರವಿಯ ಹತ್ತಿರ ಹೋದ. ಗ್ಲಾಸು ತುಂಬಿಸಿದ. ಕುಡಿಯಲಾಗಲಿಲ್ಲ. ನೀರನ್ನು ನೆಲಕ್ಕೆ ಚೆಲ್ಲಿ ಗ್ಲಾಸು ಬೋರಲು ಹಾಕಿದ.

ಅಧಿಕಾರಿ ಬೇವಿನ ಗಿಡದ ಕೆಳಗೇ ಎರಡು ಬೆಂಚು ಎದುರುಬದುರಾಗಿ ಹಾಕಿಸಿದ. ಒಂದರ ಮೇಲೆ ಕಲ್ಯಾಣಪ್ಪ ಕುಳಿತ. ಇನ್ನೊಂದರ ಮೇಲೆ ಲುಂಬಿನಿ, ರಾಜರತ್ನ, ಹಮೀದಾಬೇಗಂ. ಲುಂಬಿನಿ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಉಳಿದವರು ಸುತ್ತ ನಿಂತರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಎರಡು ಕಡೆಯವರು ಒಬ್ಬರ ಮುಖ ಒಬ್ಬರು ನೋಡುತ್ತ ಕುಳಿತಿದ್ದರು.

"ಜಾಳಿಗಿ ಮುರದದ್ದು ನಿಮಗ ಗೊತ್ತಿತ್ತೇನ್ರಿ?" ಎಂದು ಅಶೋಕಕುಮಾರ ಕೇಳಿದ.

"ಥೋಡೆ ಮುರದದ ಅಂತ ಹೇಳಿದ್ರು ಸಾಹೇಬ್ರ," ಎಂದ ಕಲ್ಯಾಣಪ್ಪ. "ಅದರಿಂದ ಅಪಾಯ ಅದ, ಮಂದಿ ಅಂಜ್ಲಿಕತ್ತಾರ ಅಂತ ಒಬ್ಬರೂ ಹೇಳಿಲ್ರಿ. ನನ್ನ ಮಕ್ಕಳಾಣಿಗೂ ಹೇಳಿಲ್ಲ."

"ಸುಳ್ಳು!" ಎಂದು ಸಿದ್ಧಲಿಂಗ ಕೂಗಿದ.

ಲುಂಬಿನಿ ಮೆಲ್ಲಗೆ ಹೇಳಿದಳು: "ನಾ ಹೇಳಿ ಕಳಸೀನ್ರಿ. ಜಾಳಿಗಿ ಕೂಡಸೋ ತನಕ ಮಶೀನ್ ಹತ್ರ ಹೋಗಂಗಿಲ್ಲ ಅಂತ. ಈ ವಾರದಾಗ ಮಾಡಸ್ತೀನಿ ಅಂತ ಸಾವ್ಕಾರ್ರೇ ಹೇಳಿ ಕಳಸಿದ್ರು. ಅದಕ್ಕ ನಾ ಹೋದೆ."

"ನಾನಾ? ನಾ ಯಾವಾಗ ಹಂಗ ಅಂದೀನವ್ವ?" ಕಲ್ಯಾಣಪ್ಪನ ದನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು.

ಆಮೇಲೆ ಎಲ್ಲರೂ ಒಟ್ಟಿಗೇ ಜಗದೇವಪ್ಪನ ಕಡೆ ತಿರುಗಿದರು.

ಅವನು ಮುಂದೆ ಬಂದು ನಿಂತ. ಹೆಗಲ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಇಬ್ಬರೂ ಖರೇನೇ ಹೇಳ್ಲಿಕತ್ತಾರ್ರಿ," ಎಂದ.

ಎಲ್ಲವನ್ನೂ ಹೇಳಿದ. ಲುಂಬಿನಿ ಅಂದದ್ದು, ಗೇಣು ದೂರ, ಸುತಳಿ, ನಾವ್ಯಾರೂ ಹೋಗಂಗಿಲ್ಲ, ಒಂದಕ್ಷರ ಬಿಡದೆ. ಅದನ್ನು ತಾನು ಆಫೀಸಿನಲ್ಲಿ ಥೋಡೆ, ಸ್ವಲ್ಪವೇ, ಮುರಿದಿದೆ ಎಂದು ಹೇಳಿದೆ ಎಂಬುದು. ಸಾಹುಕಾರ ಅಂದದ್ದು, ಅಂಜೋರು ಮನಿಗಿ ಹೋಗ್ಲಿ, ವಾಡಿ ಟೇಶನ್ ಮುಂದ ನೂರು ಮಂದಿ. ಅದನ್ನು ತಾನು ಗಿಡದ ಕೆಳಗೆ ಏನು ಮಾಡಿದೆ ಎಂಬುದು. ಹೇಳದೆ ಉಳಿಸಿಕೊಂಡ ಯಾವ ಮಾತನ್ನೂ ಅವನು ಮರೆತಿರಲಿಲ್ಲ.

ಕಲ್ಯಾಣಪ್ಪ ತಲೆ ತಗ್ಗಿಸಿದ್ದ. "ಕೆಲಸ ಬಿಡ್ತಾರಂತ ನೀ ಹೇಳಿದ್ದಿದ್ರ, ಜಗದೇವ..." ಎಂದು ಶುರು ಮಾಡಿ ಅಲ್ಲಿಗೇ ಬಿಟ್ಟ. ಹೇಳಿದ್ದರೆ ಜಾಳಿಗೆ ಕೂರಿಸುತ್ತಿದ್ದನೋ, ಇನ್ನೂ ನಾಲ್ಕು ಮಾತು ಹೆಚ್ಚು ಬೈಯುತ್ತಿದ್ದನೋ, ಈಗ ಅವನಿಗೂ ಗೊತ್ತಿರಲಿಲ್ಲ.

"ಹೇಳಲಿ, ಬಿಡಲಿ, ಮಶೀನಿಗಿ ಜಾಳಿಗಿ ಇರಬೇಕಾದ್ದು ಮಾಲಕರ ಜವಾಬ್ದಾರಿ," ಎಂದು ಅಶೋಕಕುಮಾರ ಬರೆದುಕೊಂಡ. ಪರಿಹಾರ ಕೊಡಬೇಕು, ಲುಂಬಿನಿಗೆ ಕೂತು ಮಾಡುವ ಕೆಲಸ ಕೊಡಬೇಕು, ಗಿಡಕ್ಕೆ ಒಂದು ದೂರಿನ ಬುಕ್ಕು ಕಟ್ಟಬೇಕು, ಪ್ರತಿ ಶನಿವಾರ ಮಾಲಕನೇ ಅದನ್ನು ಓದಿ ಸಹಿ ಮಾಡಬೇಕು. ಆ ಕಾಗದದಲ್ಲಿ ಜಗದೇವಪ್ಪನ ಹೆಸರು ಸಾಕ್ಷಿಯ ಜಾಗದಲ್ಲಿ ಮಾತ್ರ ಇತ್ತು. ತಪ್ಪಿತಸ್ಥರ ಜಾಗದಲ್ಲಿ ಇರಲಿಲ್ಲ.

ಎಲ್ಲರೂ ಎದ್ದ ಮೇಲೂ ಲುಂಬಿನಿ ಕುಳಿತೇ ಇದ್ದಳು. ರಾಜರತ್ನ ಆಟೋ ತರಲು ಹೋಗಿದ್ದ. ಜಗದೇವಪ್ಪ ಹತ್ತಿರ ಬಂದು ನಿಂತ.

"ಕಾಕಾ," ಎಂದಳು ಅವಳೇ. "ಆ ದಿನ ಸಾವ್ಕಾರ್ರು ಅಂದಿದ್ದು ನಮಗ ಇದ್ದಂಗೇ ಹೇಳಿದ್ರ ಏನಾಗ್ತಿತ್ತು?"

"ಜಗಳ ಆಗ್ತಿತ್ತವ್ವ. ಹೆಣ್ಮಕ್ಕಳೆಲ್ಲ ಎದ್ದು ಹೋಗ್ತಿದ್ರಿ. ಕೆಲಸ ನಿಂದರ್ತಿತ್ತು."

"ನಿಂದರ್ತಿತ್ತು." ಅವಳು ನೆಲ ನೋಡುತ್ತಿದ್ದಳು. "ಮಶೀನ್ ನಿಂದರ್ತಿತ್ತಲ್ಲ ಕಾಕಾ."

ಆಟೋ ಬಂತು. ಅವಳು ಎಡಗೈಯಿಂದ ಬೆಂಚು ಊರಿಕೊಂಡು ಎದ್ದಳು. ಅವನು ಹಿಡಿಯಲು ಕೈ ಚಾಚಿದ. ಅವಳು ಹಿಡಿಯಗೊಡಲಿಲ್ಲ.

ಮರುದಿನ ವಾಡಿಯಿಂದ ವೆಲ್ಡಿಂಗಿನವನು ಬಂದ. ಊಟದ ಹೊತ್ತಿಗೆ ಮೊದಲೇ ಜಾಳಿಗೆ ಕೂರಿಸಿ ಹೋದ.

ಆಮೇಲೆ ಕಲ್ಯಾಣಪ್ಪ ತಾನೇ ಅಂಗಳಕ್ಕೆ ಬರತೊಡಗಿದ. ಕೆಲವು ಸಲ ಒರಟಾಗಿ ಮಾತಾಡುತ್ತಿದ್ದ. ಸಿದ್ಧಲಿಂಗ ತಿರುಗಿ ಮಾತಾಡುತ್ತಿದ್ದ. ಎರಡು ಸಲ ದೊಡ್ಡ ಜಗಳವೇ ಆಯಿತು, ಇಡೀ ಅಂಗಳಕ್ಕೆ ಕೇಳುವಂತೆ. ಯಾರೂ ಸುತ್ತಿಗೆ ಎತ್ತಲಿಲ್ಲ. ಮರುದಿನ ಕೆಲಸ ನಡೆಯಿತು. ಜಗದೇವಪ್ಪ ಲಾರಿಯ ಹತ್ತಿರ ನಿಂತು ಅದನ್ನು ನೋಡುತ್ತಿದ್ದ. ಇಷ್ಟು ವರ್ಷ ತಾನು ಯಾವುದಕ್ಕೆ ಹೆದರಿದ್ದೆನೋ ಅದು ಇಷ್ಟೇ ಇತ್ತೇ ಎಂದು ಯೋಚಿಸುತ್ತಿದ್ದ. ಆ ಯೋಚನೆಯನ್ನು ಅನಸುಬಾಯಿಗೂ ಹೇಳಲಿಲ್ಲ. ಅವಳು ಈಗಲೂ ಓಂಕಾಳು ಅರೆದು ಕೊಡುತ್ತಿದ್ದಳು, ಬೈಯುವುದನ್ನು ಮಾತ್ರ ಬಿಟ್ಟಿದ್ದಳು.

ಅವನು ಮುಕದ್ದಮನಾಗಿಯೇ ಉಳಿದ. ಹಾಜರಿ ಹಿಡಿಯುತ್ತಿದ್ದ, ಕಲ್ಲು ಎಣಿಸುತ್ತಿದ್ದ. ಊಟಕ್ಕೆ ಕುಳಿತವರು ಅವನಿಗೆ "ಬರ್ರಿ ಕಾಕಾ, ಕುಂದ್ರಿ" ಎಂದು ಜಾಗ ಮಾಡಿಕೊಡುತ್ತಿದ್ದರು. ಆದರೆ ಅವನು ಕುಳಿತ ಮೇಲೆ ಮಾತು ಕಡಿಮೆಯಾಗುತ್ತಿತ್ತು. ಹಮೀದಾಬೇಗಂ ಎಲ್ಲರ ಮೇಲೂ ಚೇಷ್ಟೆ ಮಾಡುತ್ತಿದ್ದಳು. ಹರವಿಯ ಗ್ಲಾಸಿನ ಮಾತು ಮಾತ್ರ ಅವಳ ಬಾಯಿಂದ ಮತ್ತೆ ಬರಲಿಲ್ಲ.

ಐದು ತಿಂಗಳ ಮೇಲೆ ಲುಂಬಿನಿ ತಿರುಗಿ ಕೆಲಸಕ್ಕೆ ಬಂದಳು. ಗೇಟಿನ ಹತ್ತಿರ ಕುಳಿತು ಲಾರಿಗಳ ಚೀಟಿ ನೋಡುವ ಕೆಲಸ. ಎಡಗೈಯಲ್ಲಿ ಬರೆಯಲು ಕಲಿಯುತ್ತಿದ್ದಳು, ಅಂಕಿಗಳು ಬರುತ್ತಿದ್ದವು, ಅಕ್ಷರ ಇನ್ನೂ ಕೂಡುತ್ತಿರಲಿಲ್ಲ. ಬಂದ ಎರಡನೆಯ ಶನಿವಾರ ಬೇವಿನ ಗಿಡದಿಂದ ದೂರಿನ ಬುಕ್ಕು ಬಿಚ್ಚಿಕೊಂಡು ಅಲ್ಲೇ ಜಗದೇವಪ್ಪನ ಮುಂದೆ ಇಟ್ಟಳು.

"ಬರೀರಿ ಕಾಕಾ. ನಾ ಹೇಳ್ತೀನಿ."

ಬೇರೆಯವರಿಂದಲೂ ಬರೆಸಬಹುದಿತ್ತು. ಅವನು ಅದನ್ನು ಕೇಳಲಿಲ್ಲ. ಕನ್ನಡಕ ಹಾಕಿಕೊಂಡ.

"ಹೆಣ್ಮಕ್ಕಳ ಪಾಯಖಾನಿ ಬಾಗಿಲದ ಚಿಲಕ ಮುರದು ತಿಂಗಳಾಯ್ತು. ಒಬ್ಬರು ಒಳಗ ಹೋದ್ರ ಒಬ್ಬರು ಹೊರಗ ಬಾಗಿಲ ಹಿಡ್ಕೊಂಡು ನಿಂದರಬೇಕು. ಎರಡು ಸಲ ಬಾಯಿಲೆ ಹೇಳೀವಿ. ಸೋಮವಾರ ತನಕ ಆಗಲಿಲ್ಲಂದ್ರ ನಾವ್ಯಾರೂ ಕೆಲಸಕ್ಕ ಬರಂಗಿಲ್ಲ."

ಅವನು ಬರೆಯತೊಡಗಿದ. ಅವಳು ಪಕ್ಕದಲ್ಲಿ ಬಗ್ಗಿ, ಗಾಳಿಗೆ ಹಾಳೆ ಹಾರದಂತೆ ಕೈಯಿಲ್ಲದ ತೋಳನ್ನು ಬುಕ್ಕಿನ ಅಂಚಿಗೆ ಒತ್ತಿಕೊಂಡಿದ್ದಳು. ಒಂದು ಸಾಲು ಮುಗಿಯುವಷ್ಟರಲ್ಲಿ ಅವಳ ಎಡಗೈ ಬೆರಳು ಬಂದು ಒಂದು ಶಬ್ದದ ಮೇಲೆ ನಿಂತಿತು.

"ಸ್ವಲ್ಪ ಮುರಿದಿದೆ ಅಂತ ಬರದೀರಿ. ಸ್ವಲ್ಪ ಅಂತ ನಾ ಅಂದಿಲ್ಲ ಕಾಕಾ."

ಅವನು ನೋಡಿದ. ಬರೆದದ್ದು ಅವನ ಕೈಯೇ. ಯಾವಾಗ ಬರೆಯಿತೋ ಅವನಿಗೇ ತಿಳಿದಿರಲಿಲ್ಲ.

"ತಪ್ಪಾಯ್ತವ್ವ," ಎಂದು ಆ ಶಬ್ದವನ್ನು ಹೊಡೆದು ಹಾಕಿದ. ಉಳಿದದ್ದನ್ನು ಅವಳು ಹೇಳಿದಂತೆ ಬರೆದ. ಕೊನೆಯ ಸಾಲಿಗೆ ಬಂದಾಗ ಪೆನ್ನು ಒಂದು ಗಳಿಗೆ ನಿಂತಿತು. ಅವಳು ಕಾದಳು. ನಾವ್ಯಾರೂ ಕೆಲಸಕ್ಕೆ ಬರುವುದಿಲ್ಲ, ಎಂದು ಬರೆದ.

ಅವಳು ಮೊದಲಿನಿಂದ ಕೊನೆಯ ತನಕ ಓದಿದಳು. ಎಲ್ಲ ಸರಿ ಇದೆ ಎಂದು ಖಾತ್ರಿಯಾದ ಮೇಲೆ ಬುಕ್ಕು ಮುಚ್ಚಿ ಅವನ ಕೈಗೆ ಕೊಟ್ಟಳು. ಶನಿವಾರದ ಸಹಿಗೆ ಅದನ್ನು ಆಫೀಸಿಗೆ ಒಯ್ಯುವ ಕೆಲಸ ಈಗಲೂ ಅವನದೇ.

ಜಗದೇವಪ್ಪ ನಡೆದ. ಬಿಸಿಲು ನೆತ್ತಿಗೆ ಬಂದಿತ್ತು, ಗಂಟಲು ಒಣಗಿತ್ತು. ಇಪ್ಪತ್ತನೆಯ ಹೆಜ್ಜೆಗೆ ಹರವಿ ಬಂತು. ಗ್ಲಾಸು ಬೋರಲಾಗಿ ಮೇಲೆಯೇ ಇತ್ತು. ಗಿಡದ ಕೆಳಗಿನಿಂದ ಲುಂಬಿನಿ ನೋಡುತ್ತಿದ್ದಾಳೆ ಎಂದು ಅವನಿಗೆ ತಿರುಗಿ ನೋಡದೆಯೇ ಗೊತ್ತಿತ್ತು. ಅವನು ನೀರು ಕುಡಿಯದೆ ಮುಂದೆ ಹೋದ.